ಔಷಧಕ್ಕೊಂದು ವಾಪಸು ದಾರಿ



ಔಷಧಿ ಅಂಗಡಿಯ ಕಪಾಟಿನಲ್ಲಿ ಅವಧಿ ಮೀರಿದ ಮಾತ್ರೆ ಕಂಡರೆ ಏನು ಮಾಡಬೇಕೆಂಬುದು ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಗೊತ್ತಿರುತ್ತದೆ. ಅದನ್ನು ತೆಗೆದು ಎಕ್ಸ್‌ಪೈರಿ ಡಬ್ಬಿಗೆ ಹಾಕುತ್ತಾನೆ. ಆಗಾಗ ಬ್ಯಾಚ್ ನಂಬರ್ ಸಮೇತ ಪಟ್ಟಿ ಮಾಡಿ ಸ್ಟಾಕಿಸ್ಟರಿಗೆ ರಿಟರ್ನ್ ಕಳಿಸುತ್ತೇವೆ. ಅವರು ಕಂಪನಿಗೆ ಕಳಿಸುತ್ತಾರೆ. ಕ್ರೆಡಿಟ್ ನೋಟ್ ಬರುತ್ತದೆ. ಇದರಲ್ಲಿ ತಕರಾರುಗಳಿಲ್ಲವೆಂದಲ್ಲ, ಕ್ರೆಡಿಟ್ ನೋಟಿಗಾಗಿ ಕಾಯುವ ಕಷ್ಟ ಇಲ್ಲಿರುವ ಅಂಗಡಿಯವರಿಗೆಲ್ಲ ಗೊತ್ತು. ಆದರೂ ದಾರಿ ಅಂತ ಒಂದು ಇದೆ. ಅದೇ ಮಾತ್ರೆ ಕೌಂಟರ್ ದಾಟಿ ಗಿರಾಕಿಯ ಮನೆ ಸೇರಿದರೆ ವಾಪಸು ಬರುವ ದಾರಿ ಅಲ್ಲಿಗೆ ಮುಗಿಯಿತು. ಉಳಿದದ್ದು ಕಸದ ಬುಟ್ಟಿಗೆ, ಇಲ್ಲವೆ ಸಿಂಕಿಗೆ, ಇಲ್ಲವೆ ಹಿತ್ತಲಿನ ಬೆಂಕಿಗೆ ಹೋಗುತ್ತದೆ.

ಔಷಧ ಕೊಟ್ಟು ಬಿಲ್ಲು ಹರಿದಲ್ಲಿಗೆ ನಮ್ಮ ಹೊಣೆ ಮುಗಿಯುವುದಿಲ್ಲ ಎಂಬುದೇ ಇವತ್ತು ನಾನು ಹೇಳಬೇಕೆಂದಿರುವ ಮಾತು. ಬೇಡದ ಔಷಧ ಕೌಂಟರ್ ದಾಟದಂತೆ ನೋಡಿಕೊಳ್ಳುವುದೂ, ದಾಟಿ ಹೋಗಿ ಉಳಿದದ್ದನ್ನು ವಾಪಸು ತೆಗೆದುಕೊಳ್ಳುವುದೂ ನಮ್ಮ ಕಸುಬಿನ ಭಾಗವಾಗಬೇಕು. ಪರಿಸರದ ಕೆಲಸ ಬೇರೆ, ರೋಗಿಯ ಆರೈಕೆ ಬೇರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲವೆಂದು ನಮಗೆ ಕಲಿಸಿದ್ದು ಒಂದು ನೋವಿನ ಔಷಧ. ಅದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ನಡೆದದ್ದು ನಮ್ಮ ನೆಲದಲ್ಲೇ.

ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು 1980ರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿದ್ದರು. 1990ರ ದಶಕದ ಕೊನೆಯಲ್ಲಿ ಮತ್ತೆ ಎಣಿಸಿದಾಗ ಅಲ್ಲಿ ಹದ್ದುಗಳೇ ಉಳಿದಿರಲಿಲ್ಲ ಎನ್ನುವ ಸ್ಥಿತಿ. ಇದ್ದ ಕೆಲವು ಕುತ್ತಿಗೆ ಇಳಿಬಿಟ್ಟುಕೊಂಡು ಕೊಂಬೆಗಳ ಮೇಲೆ ತೂಕಡಿಸುತ್ತಿದ್ದವು. ವೈರಸ್ ಇರಬಹುದು, ಕೀಟನಾಶಕ ಇರಬಹುದು ಎಂದು ವರ್ಷಗಟ್ಟಲೆ ಹುಡುಕಾಟ ನಡೆಯಿತು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ ‘ನೇಚರ್’ ಪತ್ರಿಕೆಯಲ್ಲಿ ಕಾರಣ ಪ್ರಕಟಿಸಿದರು. ಅದು ಡೈಕ್ಲೋಫೆನಾಕ್. ನಮ್ಮ ಅಂಗಡಿಗಳಲ್ಲಿ ದಿನವೂ ಬಿಕರಿಯಾಗುವ ಅದೇ ಡೈಕ್ಲೋಫೆನಾಕ್.

ಹಸು ಕುಂಟುತ್ತಿದ್ದರೆ, ಜ್ವರ ಬಂದಿದ್ದರೆ, ಕೆಚ್ಚಲು ಬಾತಿದ್ದರೆ ಅಗ್ಗದ ಇಂಜೆಕ್ಷನ್ ಎಂದು ಅದನ್ನೇ ಕೊಡುತ್ತಿದ್ದರು. ಹಸು ಸತ್ತರೆ ಊರಾಚೆ ಹಾಕುತ್ತಿದ್ದರು, ಹದ್ದು ತಿನ್ನುತ್ತಿತ್ತು. ಹಸುವಿಗೂ ಮನುಷ್ಯನಿಗೂ ಏನೂ ಮಾಡದ ಪ್ರಮಾಣ ಹದ್ದಿನ ಮೂತ್ರಪಿಂಡವನ್ನು ಒಂದೆರಡು ದಿನಗಳಲ್ಲಿ ಕೆಡಿಸುತ್ತಿತ್ತು. ಸತ್ತ ಹದ್ದಿನ ಹೊಟ್ಟೆ ಬಿಡಿಸಿದರೆ ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿ ಪುಡಿ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಈ ಔಷಧದ ಮಾರಕ ಶೇಷವಿದ್ದರೂ ಸಾಕು, ಇಡೀ ಸಂತತಿ ಕುಸಿಯುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ಭಾರತದಲ್ಲಿ ಶೇ 99.9ರಷ್ಟು ಕಡಿಮೆಯಾಯಿತು.

ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶ 2006ರಲ್ಲಿ ನಿಷೇಧಿಸಿತು. ಆಮೇಲೆ ಆದದ್ದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮನುಷ್ಯರಿಗೆಂದು ತಯಾರಾಗುತ್ತಿದ್ದ ದೊಡ್ಡ ವಯಲ್‌ಗಳು ಔಷಧಿ ಅಂಗಡಿಯಲ್ಲಿ ಸಿಗುತ್ತಲೇ ಇದ್ದವು. ಅವನ್ನು ಕೊಂಡು ದನಗಳಿಗೆ ಚುಚ್ಚುವುದು ಮುಂದುವರಿಯಿತು. 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು ಒಂದು ಡೋಸಿನ, ಅಂದರೆ 3 ಮಿಲಿಲೀಟರಿನ ಪ್ಯಾಕಿಗೆ ಇಳಿಸಬೇಕಾಯಿತು. ಅಂದರೆ ಹದ್ದಿನ ಅಳಿವು ಉಳಿವು ಕೊನೆಗೆ ಬಂದು ನಿಂತದ್ದು ಪ್ಯಾಕಿನ ಅಳತೆಯ ಮೇಲೆ, ಕೌಂಟರಿನ ಹಿಂದೆ ನಿಂತವನು ಆ ವಯಲನ್ನು ಯಾರಿಗೆ ಕೊಡುತ್ತಾನೆ ಎಂಬುದರ ಮೇಲೆ. ಹದ್ದುಗಳಿಗೆ ಅಪಾಯವೆಂದು ಕಂಡುಬಂದ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನು ಪಶುಗಳಿಗೆ ಕೊಡದಂತೆ 2023ರಲ್ಲಿ ನಿಷೇಧ ಬಂತು. ಮೆಲಾಕ್ಸಿಕಾಮ್ ಎಂಬ ಸುರಕ್ಷಿತ ಬದಲಿ 2006ರ ನಿಷೇಧದ ಹೊತ್ತಿಗೇ ಗೊತ್ತಿತ್ತು. ಒಳ್ಳೆಯ ಬದಲಿ ಕೈಯಲ್ಲೇ ಇರುವಾಗಲೂ ಇಷ್ಟು ವರ್ಷ ಹಿಡಿಯಿತು.

ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯ ಮಾಡಿದರು. ಅಲ್ಲಿನ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ಹದ್ದುಗಳು ಈಗ ಬೆರಳೆಣಿಕೆಯಷ್ಟು. ಹದ್ದು ಹೋದರೆ ಹೋಗಲಿ ಎನ್ನುವವರಿಗೆ 2024ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ನಲ್ಲಿ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಪ್ರಕಟಿಸಿದ ಲೆಕ್ಕವನ್ನು ತೋರಿಸಬೇಕು. ಹದ್ದುಗಳಿಲ್ಲದೆ ಹೆಣಗಳು ಕೊಳೆತು, ನೀರು ಕೆಟ್ಟು, ಬೀದಿನಾಯಿಗಳೂ ಹುಚ್ಚುನಾಯಿ ರೋಗವೂ ಹೆಚ್ಚಿದ್ದರಿಂದ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು ಎಂಬುದು ಅವರ ಅಂದಾಜು. ಔಷಧದ ಅಡ್ಡಪರಿಣಾಮ ರೋಗಿಯ ಮೈಯಲ್ಲೇ ಮುಗಿಯುತ್ತದೆಂದು ನಾವು ಪಾಠ ಮಾಡುತ್ತಾ ಬಂದಿದ್ದೇವೆ. ಪಠ್ಯದ ಆ ಪುಟವನ್ನು ಈಗ ಮತ್ತೆ ಬರೆಯಬೇಕಾಗಿದೆ.

ಡೈಕ್ಲೋಫೆನಾಕ್ ನಮ್ಮ ಮನೆಗಳಲ್ಲಿ ಇನ್ನೊಂದು ರೂಪದಲ್ಲೂ ಇದೆ. ಮಂಡಿನೋವಿಗೆ, ಸೊಂಟ ಹಿಡಿದದ್ದಕ್ಕೆ ಹಚ್ಚುವ ಜೆಲ್. ಚರ್ಮದ ಮೂಲಕ ರಕ್ತ ಸೇರುವುದು ಹಚ್ಚಿದ್ದರಲ್ಲಿ ಶೇ 6ರಷ್ಟು ಮಾತ್ರ. ಉಳಿದದ್ದು ಬೆರಳಲ್ಲಿ, ಬಟ್ಟೆಯಲ್ಲಿ, ಚರ್ಮದ ಮೇಲೆ ಉಳಿಯುತ್ತದೆ. ಕೈ ತೊಳೆದಾಗ, ಸ್ನಾನ ಮಾಡಿದಾಗ ಚರಂಡಿಗೆ ಹೋಗುತ್ತದೆ. ಅಜ್ಜಿ ಮಂಡಿಗೆ ಜೆಲ್ ಸವರಿಕೊಂಡು ನೇರವಾಗಿ ನಲ್ಲಿಗೆ ಹೋಗುತ್ತಾರೆ. ಅದರ ಬದಲು ಮೊದಲು ಒಂದು ಕಾಗದಕ್ಕೋ ಹಳೆ ಬಟ್ಟೆಯ ಚೂರಿಗೋ ಬೆರಳು ಚೆನ್ನಾಗಿ ಒರೆಸಿ, ಅದನ್ನು ಕಸಕ್ಕೆ ಹಾಕಿ, ಆಮೇಲೆ ಕೈ ತೊಳೆಯಿರಿ ಎಂದು ಹೇಳಬೇಕು. ಸ್ನಾನಕ್ಕೆ ಮುಂಚೆ ಹಚ್ಚಬೇಡಿ, ಸ್ನಾನವಾದ ಮೇಲೆ ಹಚ್ಚಿ ಎನ್ನಬೇಕು. ಟ್ಯೂಬನ್ನು ಕವರಿಗೆ ಹಾಕುವಾಗ ಹೇಳಿ ಮುಗಿಸಬಹುದಾದ ಎರಡು ಮಾತು ಇವು. ಇಂಥ ಸಲಹೆಯನ್ನು ಯುರೋಪಿನ ಫಾರ್ಮಸಿಗಳಲ್ಲಿ ಈಗಾಗಲೇ ಕೊಡುತ್ತಿದ್ದಾರೆ. ನಮಗೆ ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ನುಂಗಿದ ಮಾತ್ರೆಯೂ ಪೂರ್ತಿಯಾಗಿ ಮೈಯಲ್ಲಿ ಕರಗಿ ಹೋಗುವುದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಹೆಚ್ಚೂಕಡಿಮೆ ಬದಲಾಗದೆಯೇ ಹೊರಗೆ ಬರುತ್ತದೆ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಒಳಚರಂಡಿ ಶುದ್ಧೀಕರಣ ಘಟಕದಲ್ಲೂ ಒಡೆಯದಷ್ಟು ಗಟ್ಟಿ. 2022ರಲ್ಲಿ 104 ದೇಶಗಳ 258 ನದಿಗಳ ನೀರನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಅತಿ ಹೆಚ್ಚು ಕಡೆ ಸಿಕ್ಕವು ಕಾರ್ಬಮಜೆಪಿನ್, ಮೆಟ್‌ಫಾರ್ಮಿನ್ ಮತ್ತು ಕೆಫೀನ್. ನಮ್ಮ ಕಾವೇರಿಯ ಬಗ್ಗೆಯೂ ಮಾಹಿತಿ ಇದೆ. ಮದ್ರಾಸ್ ಐಐಟಿಯ ಲಿಜಿ ಫಿಲಿಪ್ ಅವರ ತಂಡ ತಮಿಳುನಾಡಿನ ಭಾಗದಲ್ಲಿ ಎರಡು ವರ್ಷ ಮಾದರಿ ಸಂಗ್ರಹಿಸಿ, 2021ರಲ್ಲಿ ಫಲಿತಾಂಶ ಹೊರಗೆ ತಂದಿತು. ಐಬುಪ್ರೊಫೆನ್, ಡೈಕ್ಲೋಫೆನಾಕ್, ರಕ್ತದೊತ್ತಡದ ಅಟೆನೊಲಾಲ್, ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್, ಎಲ್ಲವೂ ನದಿಯಲ್ಲಿದ್ದವು.

ನದಿಯಲ್ಲಿರುವುದು ತೀರ ಸಣ್ಣ ಪ್ರಮಾಣ, ಅದರಿಂದ ಏನಾದೀತು ಎಂದು ಕೇಳುವುದು ಸಹಜ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಬಿಟ್ಟಿರುವ ಕೆರೆಗಳಿವೆ. ಅಲ್ಲಿ ಕರೆನ್ ಕಿಡ್ ಎಂಬ ವಿಜ್ಞಾನಿ 2001ರಿಂದ ಮೂರು ಬೇಸಿಗೆ ಒಂದು ಕೆರೆಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೊಗ್ರಾಂ ಇರುವಂತೆ ಸೇರಿಸಿದರು. ಅಲ್ಲಿದ್ದ ಒಂದು ಜಾತಿಯ ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಕಾಣಿಸಿತು, ಮರಿಗಳು ಹುಟ್ಟುವುದು ನಿಂತಿತು, ಆ ಜಾತಿಯ ಮೀನು ಕೆರೆಯಿಂದ ಬಹುತೇಕ ಅಳಿಸಿಹೋಯಿತು.

ಇನ್ನು ನಮ್ಮ ಕೆರೆಗಳಿಗೆ ಬರೋಣ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ಬರದ ಜಿಲ್ಲೆಗೆ ನೀರು ಬಂದದ್ದು ಸಣ್ಣ ಮಾತಲ್ಲ. ಆ ನೀರನ್ನು ಬೇಡವೆನ್ನುವುದು ನನ್ನ ಉದ್ದೇಶವೂ ಅಲ್ಲ. ಆದರೆ ಎರಡನೇ ಹಂತದ ಶುದ್ಧೀಕರಣ ಕಟ್ಟಿರುವುದು ಕೊಳೆಯುವ ವಸ್ತುವನ್ನು ತೆಗೆಯುವುದಕ್ಕೆ, ಔಷಧದ ಅಣುಗಳನ್ನು ತೆಗೆಯುವುದಕ್ಕಲ್ಲ. ಬೆಂಗಳೂರಿನ ಔಷಧಿ ಅಂಗಡಿಯಲ್ಲಿ ಇವತ್ತು ಮಾರಾಟವಾದದ್ದಕ್ಕೂ ಕೋಲಾರದ ಅಂತರ್ಜಲಕ್ಕೂ ಈಗ ಕೊಳವೆಯ ಸಂಬಂಧವಿದೆ ಎಂಬುದನ್ನು ನಾವು ನೆನಪಿನಲ್ಲಿಡಬೇಕು. ಯುರೋಪಿನ ಒಕ್ಕೂಟ 2024ರಲ್ಲಿ ಹೊಸ ಕೊಳಚೆ ನೀರಿನ ಕಾನೂನು ಮಾಡಿ, ಈ ಅಣುಗಳನ್ನು ತೆಗೆಯುವ ನಾಲ್ಕನೇ ಹಂತಕ್ಕೆ ತಗಲುವ ಖರ್ಚಿನಲ್ಲಿ ಶೇ 80ರಷ್ಟನ್ನಾದರೂ ಔಷಧ ಮತ್ತು ಸೌಂದರ್ಯವರ್ಧಕ ಕಂಪನಿಗಳೇ ಕೊಡಬೇಕು ಎಂದಿದೆ. ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿವೆ. ಖರ್ಚು ಯಾರದ್ದೆಂಬ ಈ ಜಗಳ ನಾಳೆ ನಮ್ಮಲ್ಲಿಗೂ ಬರುತ್ತದೆ.

ಔಷಧ ತಯಾರಾಗುವ ಜಾಗದ ಮಾತನ್ನು ಬಿಡುವಂತಿಲ್ಲ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಘಟಕಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸುವ ಒಂದು ಸಾಮೂಹಿಕ ಘಟಕವಿತ್ತು. ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಅಲ್ಲಿಂದ ಹೊರಬರುತ್ತಿದ್ದ ನೀರನ್ನು ಪರೀಕ್ಷಿಸಿ 2007ರಲ್ಲಿ ಬರೆದರು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು, ಅದೂ ಶುದ್ಧೀಕರಿಸಿದ ನೀರಿನಲ್ಲಿ. ಒಂದು ದಿನ ಹರಿದು ಹೋದದ್ದು ಸುಮಾರು 45 ಕಿಲೋ, ಆಗ 90 ಲಕ್ಷ ಜನರಿದ್ದ ಸ್ವೀಡನ್ ಐದು ದಿನ ಬಳಸುವಷ್ಟು. ಅಂಥ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದಂತೆ ತಯಾರಾಗಬಹುದು. ನಮ್ಮ ಬೀದರಿನ ಕೊಳಾರದಲ್ಲೂ ಯಾದಗಿರಿಯ ಕಡೇಚೂರಿನಲ್ಲೂ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿದ ಕರಡಿನಲ್ಲಿ ಕಾರ್ಖಾನೆಯ ನೀರಿನಲ್ಲಿ ಯಾವ ಆ್ಯಂಟಿಬಯೋಟಿಕ್ ಎಷ್ಟಿರಬಹುದೆಂದು ಮಿತಿ ಹಾಕಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಇರಲಿಲ್ಲ. ಇದು ದೊಡ್ಡ ಹಿನ್ನಡೆ ಎಂದೇ ನಾನು ಭಾವಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಈ ಕುರಿತು ಮಾರ್ಗಸೂಚಿ ಕೊಟ್ಟಿದೆ. ಕರಡನ್ನು ಮತ್ತೆ ಕೈಗೆತ್ತಿಕೊಳ್ಳಲು ಅದು ಸಾಕು. ಸರ್ಕಾರ ಟೆಂಡರ್ ಕರೆಯುವಾಗ ಬೆಲೆಯ ಜೊತೆಗೆ ತ್ಯಾಜ್ಯದ ಲೆಕ್ಕವನ್ನೂ ಕೇಳಬಹುದು.

ಈಗ ಮನೆಗೆ ಬರೋಣ. ಫ್ರಿಜ್ಜಿನ ಮೇಲೋ ದೇವರ ಕೋಣೆಯ ಪಕ್ಕದ ಗೂಡಿನಲ್ಲೋ ಒಂದು ಹಳೆ ಬಿಸ್ಕತ್ತಿನ ಡಬ್ಬಿ ಇರುತ್ತದೆ. ಮುಚ್ಚಳ ತೆಗೆದರೆ ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ತಳದಲ್ಲಿ ಗಟ್ಟಿಯಾದ ಮಗುವಿನ ಸಿರಪ್ಪು, ಮೂಗಿನ ಡ್ರಾಪ್ಸು, ಮೂರು ದಿನಕ್ಕೇ ನಿಲ್ಲಿಸಿದ ಆ್ಯಂಟಿಬಯೋಟಿಕ್, ತೀರಿಕೊಂಡ ತಾತನ ಬಿ.ಪಿ. ಮಾತ್ರೆ. ಡಾಕ್ಟರು ಬದಲಾದಾಗ ಬ್ರ್ಯಾಂಡೂ ಬದಲಾಗಿರುತ್ತದೆ, ಒಂದೇ ಔಷಧ ಮೂರು ಹೆಸರಿನಲ್ಲಿ ಬಿದ್ದಿರುತ್ತದೆ. ಆ ಅರ್ಧ ಸ್ಟ್ರಿಪ್ಪನ್ನು ಕೈಗೆ ತೆಗೆದುಕೊಂಡು ನೋಡಿ. ಬೆನ್ನಿನ ಹಾಳೆಯ ಮೇಲೆ ಹೆಸರಿನ ಎರಡಕ್ಷರ ಮಾತ್ರ ಉಳಿದಿರುತ್ತದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಇಲ್ಲ. ಏಕೆಂದರೆ ಅವು ಇರುವ ತುದಿ ಅಂಗಡಿಯಲ್ಲಿ ಉಳಿಯುವಂತೆ ಕತ್ತರಿ ಹಾಕುತ್ತೇವೆ. ಅಂಗಡಿಗೆ ಅದು ಅನಿವಾರ್ಯ, ಉಳಿದ ಮಾತ್ರೆಯನ್ನು ರಿಟರ್ನ್ ಕಳಿಸಬೇಕಲ್ಲ. ಆದರೆ ಮನೆಗೆ ಹೋದ ತುಂಡು ಮಾತ್ರ ಗುರುತಿಲ್ಲದ್ದಾಗುತ್ತದೆ. ಯಾವುದೆಂದು ಗೊತ್ತಿಲ್ಲದ್ದನ್ನು ಒಂದು ದಿನ ಯಾರೋ ನುಂಗುತ್ತಾರೆ, ಇಲ್ಲ ಎಸೆಯುತ್ತಾರೆ.

ಹಾಗೆಂದು ಕತ್ತರಿಸಿ ಕೊಡುವುದನ್ನು ನಾನು ದೂರುವುದಿಲ್ಲ. ಬೇಕಾದಷ್ಟೇ ಎಣಿಸಿ ಕೊಡುವ ನಮ್ಮ ಪದ್ಧತಿ ಒಳ್ಳೆಯದು. ಇಡೀ ಪೆಟ್ಟಿಗೆಯನ್ನೇ ಕೊಡುವ ದೇಶಗಳಲ್ಲಿ ಉಳಿದು ಹಾಳಾಗುವುದು ಜಾಸ್ತಿ. “ಎರಡು ದಿನದ್ದು ಕೊಡಿ ಸಾರ್, ಕಮ್ಮಿ ಆಗ್ಲಿಲ್ಲ ಅಂದ್ರೆ ಮತ್ತೆ ಬರ್ತೀನಿ” ಎನ್ನುವ ಗಿರಾಕಿ ಜ್ವರದ ಮಾತ್ರೆಯ ವಿಷಯದಲ್ಲಿ ಸರಿಯಾಗಿಯೇ ಕೇಳುತ್ತಾನೆ. ಆ್ಯಂಟಿಬಯೋಟಿಕ್ ವಿಷಯದಲ್ಲಿ ಮಾತ್ರ ಹಾಗೆ ಕೊಡಬಾರದು. ಚೀಟಿಯಲ್ಲಿ ಬರೆದಷ್ಟು ದಿನದ್ದನ್ನು ಒಟ್ಟಿಗೇ ಕೊಡಬೇಕು. ಚೀಟಿ ಇಲ್ಲದಿದ್ದರೆ ಒಂದೂ ಕೊಡಬಾರದು. ಉಳಿದಂತೆ, ಮಾತ್ರೆ ಹಾಕಿ ಕೊಡುವ ಕಾಗದದ ಕವರಿನ ಮೇಲೆ 1-0-1 ಎಂದು ಬರೆಯುವಾಗಲೇ ಔಷಧದ ಹೆಸರನ್ನೂ ಅವಧಿಯನ್ನೂ ಕನ್ನಡದಲ್ಲಿ ಬರೆದರೆ ಮುಕ್ಕಾಲು ತೊಂದರೆ ತಪ್ಪುತ್ತದೆ.

ಬೇಡದ ಔಷಧ ಮನೆ ಸೇರುವ ದಾರಿಗಳನ್ನು ನೀವೆಲ್ಲ ದಿನವೂ ನೋಡುತ್ತೀರಿ. ಯಾವ ಚೀಟಿ ಬಂದರೂ ಕೊನೆಯ ಸಾಲಿನಲ್ಲಿ ಒಂದು ‘ಗ್ಯಾಸ್ ಮಾತ್ರೆ’. ಎರಡು ವಾರಕ್ಕೆಂದು ಬರೆದ ಪ್ಯಾಂಟಪ್ರಜೋಲನ್ನು ಎಷ್ಟೋ ಜನ ವರ್ಷಗಟ್ಟಲೆ ನುಂಗುತ್ತಿದ್ದಾರೆ, ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ತೆಗೆದುಕೊಂಡು ಹೋಗುತ್ತಾರೆ. ನಿಲ್ಲಿಸಿ ಎಂದು ಹೇಳುವ ಅಧಿಕಾರ ನಮಗಿಲ್ಲ, ಆದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇದು ಇನ್ನೂ ಬೇಕಾ ಎಂದು ಕೇಳಿ ಎನ್ನಬಹುದು. ಇನ್ನು ಇಂಜೆಕ್ಷನ್ ಮತ್ತು ಡ್ರಿಪ್ ಬಾಟ್ಲಿಯ ಮೋಹ. ಬಾಯಿಂದ ನುಂಗಲು ಆಗುವ ರೋಗಿಯೂ “ಒಂದು ಬಾಟ್ಲಿ ಹಾಕ್ಬಿಡಿ ಡಾಕ್ಟ್ರೆ, ನಿಶ್ಶಕ್ತಿ” ಎನ್ನುತ್ತಾನೆ. ಒಂದು ಮಾತ್ರೆ ಸಾಕಾಗುವ ಕಡೆ ಬಾಟ್ಲಿ, ಪ್ಲಾಸ್ಟಿಕ್ ಟ್ಯೂಬು, ಸೂಜಿ, ಸಿರಿಂಜು, ಗ್ಲೌಸು ಇಷ್ಟೂ ಖರ್ಚಾಗಿ ಇಷ್ಟೂ ಸುಡಲು ಹೋಗುತ್ತವೆ. ಆಸ್ಪತ್ರೆಯ ಫಾರ್ಮಸಿಸ್ಟ್ ವಾರ್ಡಿನ ರೌಂಡ್ಸಿನಲ್ಲಿ ಜೊತೆಗಿದ್ದು, ಇಂಜೆಕ್ಷನ್‌ನಿಂದ ಮಾತ್ರೆಗೆ ಬದಲಿಸಬಹುದಾದ ದಿನವನ್ನು ನೆನಪಿಸಿದರೆ ರೋಗಿಯ ದುಡ್ಡೂ ಉಳಿಯುತ್ತದೆ, ಸೂಜಿಯಿಂದ ಬರುವ ಸೋಂಕೂ ತಪ್ಪುತ್ತದೆ.

ಉಬ್ಬಸದ ಪಂಪಿನ ವಿಷಯ ಬೇರೆ ರೀತಿಯದು. ಪಂಪಿನೊಳಗೆ ಔಷಧವನ್ನು ತಳ್ಳಲು ಒಂದು ಅನಿಲವಿರುತ್ತದೆ. ಮೊದಲು ಓಜೋನ್ ಪದರವನ್ನು ಕೆಡಿಸುವ ಸಿಎಫ್‌ಸಿ ಇತ್ತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದು ಹೋಗಿ ಎಚ್‌ಎಫ್‌ಎ ಬಂತು. ಇದು ಓಜೋನನ್ನು ಕೆಡಿಸುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಸಾಲ್ಬ್ಯುಟಮಾಲ್ ಪಂಪೊಂದು, ಕಂಪನಿಗೆ ತಕ್ಕಂತೆ, ಹತ್ತು ಕಿಲೋದಿಂದ ಸುಮಾರು 28 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಪುಡಿ ಎಳೆದುಕೊಳ್ಳುವ ಇನ್‌ಹೇಲರಿನ ಲೆಕ್ಕ ಸಾಮಾನ್ಯವಾಗಿ ಒಂದು ಕಿಲೋಕ್ಕಿಂತ ಕಡಿಮೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಇಂಗಾಲದ ಲೆಕ್ಕದಲ್ಲಿ ಔಷಧಗಳದ್ದೇ ಕಾಲು ಭಾಗ, ಪಂಪುಗಳದ್ದೊಂದೇ ಸುಮಾರು ಶೇ 3. ನಮ್ಮಲ್ಲಿ ಕ್ಯಾಪ್ಸೂಲು ಹಾಕಿ ತಿರುಗಿಸಿ ಎಳೆಯುವ ರೋಟಾಹೇಲರ್ ಅಗ್ಗವೆಂಬ ಕಾರಣಕ್ಕೆ ಹಳ್ಳಿಹಳ್ಳಿಗೂ ತಲುಪಿದೆ. ಶ್ರೀಮಂತ ದೇಶಗಳು ಈಗ ಹೋಗಬೇಕೆನ್ನುತ್ತಿರುವ ದಾರಿಯಲ್ಲಿ ನಾವು ಮುಂದೆಯೇ ಇದ್ದೇವೆ. ಪಂಪೇ ದೊಡ್ಡದು, ಕ್ಯಾಪ್ಸೂಲು ಬಡವರದ್ದು ಎಂಬ ಭಾವನೆ ಬರದಂತೆ ನೋಡಿಕೊಳ್ಳಬೇಕು. ಆದರೆ ಒಂದು ಎಚ್ಚರಿಕೆ. ಸಣ್ಣ ಮಕ್ಕಳಿಗೆ, ಜೋರಾಗಿ ಉಸಿರೆಳೆಯಲಾಗದ ವಯಸ್ಸಾದವರಿಗೆ, ಉಬ್ಬಸ ತೀವ್ರವಾದಾಗ ಪಂಪು ಮತ್ತು ಅದಕ್ಕೆ ಜೋಡಿಸುವ ಸ್ಪೇಸರ್ ಬೇಕೇ ಬೇಕು. ಪರಿಸರದ ಹೆಸರಿನಲ್ಲಿ ಯಾರ ಪಂಪನ್ನೂ ಡಾಕ್ಟರನ್ನು ಕೇಳದೆ ಬದಲಿಸಬಾರದು. ತಿಂಗಳಿಗೊಂದು ಸಾಲ್ಬ್ಯುಟಮಾಲಿನ ನೀಲಿ ಪಂಪು ಒಯ್ಯುವ ರೋಗಿ ಬಂದರೆ ಅವನ ಉಬ್ಬಸ ಹತೋಟಿಯಲ್ಲಿಲ್ಲವೆಂದು ತಿಳಿದು, ತಡೆಯುವ ಔಷಧವನ್ನು ದಿನವೂ ತೆಗೆದುಕೊಳ್ಳುತ್ತಿದ್ದಾನೆಯೇ, ಎಳೆಯುವ ಕ್ರಮ ಸರಿಯೇ ಎಂದು ನೋಡಬೇಕು. ಅವನ ಉಸಿರು ಸುಧಾರಿಸಿದರೆ ಪಂಪಿನ ಸಂಖ್ಯೆ ತಾನಾಗಿ ಇಳಿಯುತ್ತದೆ.

ಆಪರೇಷನ್ ಥಿಯೇಟರಿನಲ್ಲೂ ಇಂಥದ್ದೇ ಕಥೆ. ಎಡಿನ್‌ಬರೋದ ಫಾರ್ಮಸಿಸ್ಟ್ ಅಲಿಫಿಯಾ ಚಾಕೆರಾ ಅರಿವಳಿಕೆಗೆ ಬಳಸುವ, ಭೂಮಿಯನ್ನೂ ಬಿಸಿ ಮಾಡುವ ನೈಟ್ರಸ್ ಆಕ್ಸೈಡ್ ಅನಿಲದ ವಿಷಯದಲ್ಲಿ ತಮ್ಮ ಆಸ್ಪತ್ರೆಗಳ ಖರೀದಿಯನ್ನೂ ಬಳಕೆಯನ್ನೂ ತಾಳೆ ಹಾಕಿ ನೋಡಿದರು. ಕೊಂಡದ್ದರಲ್ಲಿ ಬಹುಪಾಲು ರೋಗಿಯನ್ನು ಮುಟ್ಟದೆ ಕೊಳವೆಗಳಲ್ಲೇ ಸೋರಿ ಹೋಗುತ್ತಿತ್ತು. ಸ್ಟಾಕ್ ರಿಜಿಸ್ಟರನ್ನು ಸರಿಯಾಗಿ ಓದಬಲ್ಲ ಫಾರ್ಮಸಿಸ್ಟ್ ಏನು ಮಾಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವಾಪಸು ದಾರಿಯ ಮಾತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಅವಧಿ ಮೀರಿದ ಔಷಧವನ್ನು ಹಳದಿ ಚೀಲಕ್ಕೆ ಹಾಕಬೇಕೆಂದು 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಉಳಿದ ಅವಧಿ ಮೀರಿದ ಔಷಧವನ್ನು, ಬಳಸಿದ ಸೂಜಿಯನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಕರೆದವು. ಹೆಸರೇನೋ ಕೊಟ್ಟಾಯಿತು. ಅದನ್ನು ಯಾರ ಕೈಗೆ ಕೊಡಬೇಕೆಂದು ಕೇಳಿದರೆ ಹೆಚ್ಚಿನ ಊರುಗಳಲ್ಲಿ ಉತ್ತರವಿಲ್ಲ. ಇನ್ಸುಲಿನ್ ಸೂಜಿ ಕಸದಲ್ಲಿ ಬಂದಾಗ ಚುಚ್ಚುವುದು ಪೌರಕಾರ್ಮಿಕರ ಬೆರಳಿಗೆ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಸೂಜಿ ತುಂಬಿಸಿ, ಮುಚ್ಚಳ ಬಿಗಿದು ಕೊಡಿ ಎಂದು ಸೂಜಿ ಮಾರುವ ನಾವೇ ಹೇಳಬೇಕು.

ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಫೆಂಟನಿಲ್, ಟ್ರಮಡಾಲ್‌ನಂಥ 17 ಔಷಧಗಳನ್ನು ಟಾಯ್ಲೆಟ್ಟಿನಲ್ಲಿ ಸುರಿಯಬಹುದು ಎಂಬ ಪಟ್ಟಿ ಅದರಲ್ಲಿದೆ. ಒಂದೇ ಡೋಸು ಮಗುವಿನ ಜೀವ ತೆಗೆಯಬಲ್ಲ ಅಥವಾ ಚಟಕ್ಕೆ ಬಳಕೆಯಾಗಬಲ್ಲ ಔಷಧಗಳಿಗೆ ಮಾಡಿದ ವಿನಾಯಿತಿ ಅದು. ಎಲ್ಲ ಮಾತ್ರೆಯನ್ನೂ ಸುರಿಯಬಹುದೆಂದು ಜನ ತಿಳಿಯುವ ಅಪಾಯ ದೊಡ್ಡದು. ಅದನ್ನು ಬಿಡಿಸಿ ಹೇಳುವ ಕೆಲಸ ನಮ್ಮದು. ವಾಪಸು ಕೊಡುವ ವ್ಯವಸ್ಥೆ ಇಲ್ಲದ ಊರಿನಲ್ಲಿ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಕಾಫಿ ಚರಟದ ಜೊತೆಗೋ ಮಣ್ಣಿನ ಜೊತೆಗೋ ಕಲಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಕೊಡುವುದು ಸದ್ಯದ ಉಪಾಯ. ಸುಡುವುದಂತೂ ಬೇಡ.

ನೆರೆಯ ಕೇರಳ 2025ರಲ್ಲಿ ಎನ್‌ಪ್ರೌಡ್ ಎಂಬ ಯೋಜನೆಯನ್ನು ಕೋಳಿಕ್ಕೋಡ್ ನಗರದಲ್ಲೂ ಉಳ್ಳಿಯೇರಿ ಪಂಚಾಯಿತಿಯಲ್ಲೂ ಶುರು ಮಾಡಿತು. ಉಳಿದ ಔಷಧವನ್ನು ಹರಿತ ಕರ್ಮ ಸೇನೆಯ ಹೆಂಗಸರು ಮನೆಗಳಿಂದ ಸಂಗ್ರಹಿಸುತ್ತಾರೆ, ಅಂಗಡಿಗಳಲ್ಲಿ ಪೆಟ್ಟಿಗೆ ಇದೆ, ಕೊಚ್ಚಿಯ ಹತ್ತಿರದ ಘಟಕದಲ್ಲಿ ವೈಜ್ಞಾನಿಕವಾಗಿ ಸುಡುತ್ತಾರೆ. ಮುಂದೆ ನಿಂತದ್ದು ರಾಜ್ಯದ ಔಷಧ ನಿಯಂತ್ರಣ ಇಲಾಖೆಯೇ. ಫ್ರಾನ್ಸಿನಲ್ಲಿ 1993ರಿಂದ ಸಿಕ್ಲಾಮೆಡ್ ಎಂಬ ವ್ಯವಸ್ಥೆಯಿದೆ, ಖರ್ಚು ಔಷಧ ಕಂಪನಿಗಳದ್ದು.

ಇಲ್ಲೊಂದು ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ: ಚೆನ್ನಾಗಿರುವ ಮಾತ್ರೆಯನ್ನು ಸುಡುವ ಬದಲು ಬಡವರಿಗೆ ಕೊಟ್ಟರಾಗದೆ? ಕೇಳುವವರ ಮನಸ್ಸು ದೊಡ್ಡದು. ಆದರೆ ಆ ಮಾತ್ರೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ದಿನ ಬೆಂದಿತ್ತು, ಒಲೆಯ ಪಕ್ಕ ಎಷ್ಟು ದಿನ ಇತ್ತು ಎಂದು ಯಾರೂ ಹೇಳಲಾರರು. ಫ್ರಾನ್ಸ್ ಕೂಡ ವಾಪಸು ಬಂದ ಔಷಧವನ್ನು ಬಡ ದೇಶಗಳಿಗೆ ಕಳಿಸುತ್ತಿದ್ದು, 2008ರ ಕೊನೆಯಲ್ಲಿ ಅದನ್ನು ನಿಲ್ಲಿಸಿತು. ಬಡವರಿಗೂ ಗುಣಮಟ್ಟದ ಖಾತರಿಯಿರುವ ಔಷಧವೇ ಸಿಗಬೇಕು. ಅವಧಿಯ ದಿನಾಂಕವನ್ನೇ ಮುಂದಕ್ಕೆ ಹಾಕುವ ಅಧ್ಯಯನಗಳು ಬೇಕೆಂಬುದು ಬೇರೆ ವಿಷಯ. ಅಮೆರಿಕದ ಸೇನೆಗಾಗಿ 1986ರಿಂದ ನಡೆದ ಪರೀಕ್ಷೆಗಳಲ್ಲಿ, ಸರಿಯಾದ ಉಷ್ಣಾಂಶದಲ್ಲಿ ಮುಚ್ಚಿದ ಪ್ಯಾಕಿನಲ್ಲಿಟ್ಟ 122 ಔಷಧಗಳ ಲಾಟ್‌ಗಳಲ್ಲಿ ಶೇ 88ರಷ್ಟರ ಅವಧಿಯನ್ನು ಒಂದು ವರ್ಷವಾದರೂ ವಿಸ್ತರಿಸಬಹುದಿತ್ತು. ಸರ್ಕಾರಿ ಉಗ್ರಾಣಗಳಿಗೆ ಈ ಪಾಠ ಉಪಯೋಗಕ್ಕೆ ಬಂದೀತು, ಬಿಸ್ಕತ್ತಿನ ಡಬ್ಬಿಗೆ ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿ ಏನು ಮಾಡಬಹುದು? ಸ್ಟಾಕಿಸ್ಟರ ಗಾಡಿ ಅಂಗಡಿಗೆ ಹೇಗೂ ಬರುತ್ತದೆ, ಖಾಲಿಯಾಗಿ ವಾಪಸು ಹೋಗುತ್ತದೆ. ಜಿಲ್ಲೆಗಳಿಗೆ ಜೀವವೈದ್ಯಕೀಯ ತ್ಯಾಜ್ಯ ಸುಡುವ ಸಾಮೂಹಿಕ ಘಟಕಗಳ ಸೇವೆ ಇದೆ. ಇವೆರಡನ್ನೂ ಮನೆಯ ಔಷಧಕ್ಕೆ ಜೋಡಿಸಬೇಕು. ಅಂಗಡಿಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ, ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಲಾಗದಂಥದ್ದು. ಪೆಟ್ಟಿಗೆ ಇಟ್ಟ ಅಂಗಡಿಯವನನ್ನು ಇನ್‌ಸ್ಪೆಕ್ಷನ್ನಿಗೆ ಬಂದವರು ಅವಧಿ ಮೀರಿದ ದಾಸ್ತಾನು ಇಟ್ಟಿದ್ದಾನೆಂದು ಹಿಡಿಯಬಾರದು. ಇದಕ್ಕೆ ಔಷಧ ನಿಯಂತ್ರಣ ಇಲಾಖೆಯಿಂದ ಲಿಖಿತ ಸುತ್ತೋಲೆ ಬೇಕು. ಸುಡುವ ಖರ್ಚನ್ನು ಕಂಪನಿಗಳು ಹೊರಬೇಕು, ಅಂಗಡಿಯವನ ತಲೆಗೆ ಕಟ್ಟಬಾರದು. ಸಾಗಣೆ, ಸುತ್ತೋಲೆ, ಖರ್ಚು ಈ ಮೂರರ ವ್ಯವಸ್ಥೆಯೂ ಇಲ್ಲದೆ ಪೆಟ್ಟಿಗೆ ಇಡಿ ಎಂದು ವ್ಯಾಪಾರಿಗಳಿಗೆ ಹೇಳುವುದು ನ್ಯಾಯವಲ್ಲ.

ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಡಿ.ಫಾರ್ಮ್‌ನ 2020ರ ಹೊಸ ಪಠ್ಯಕ್ರಮದಲ್ಲಿ ಸೋಷಿಯಲ್ ಫಾರ್ಮಸಿ ಎಂಬ ವಿಷಯವಿದೆ. ಅದರ ಪ್ರಾಯೋಗಿಕ ತರಗತಿಯಾಗಿ, ಕಾಲೇಜಿನ ಸುತ್ತಲಿನ ಕೆಲವು ಅಂಗಡಿಗಳಲ್ಲಿ ವಾಪಸು ಬಂದ ಔಷಧಗಳ ರಿಜಿಸ್ಟರನ್ನು ಒಂದು ವರ್ಷ ಇಡಿ. ತಂದುಕೊಟ್ಟವರ ಹೆಸರು ಬೇಡ. ಔಷಧ ಯಾವುದು, ಎಷ್ಟು ಉಳಿದಿತ್ತು, ಚೀಟಿಯಲ್ಲಿ ಎಷ್ಟು ದಿನಕ್ಕೆ ಬರೆದಿದ್ದರು, ಅವಧಿ ಮೀರಿತ್ತೋ ಇಲ್ಲವೋ. ಕೊನೆಯ ಕಾಲಂ, ಯಾಕೆ ಉಳಿಯಿತು. ಡಾಕ್ಟರು ಬದಲಿಸಿದರೋ, ಹೊಟ್ಟೆ ಉರಿ ಬಂತೋ, ವಾಸಿಯಾಯಿತೆಂದು ನಿಲ್ಲಿಸಿದರೋ, ಹತ್ತರ ಸ್ಟ್ರಿಪ್ಪೇ ಕೊಳ್ಳಿ ಎಂದು ಅಂಗಡಿಯಲ್ಲಿ ಒತ್ತಾಯಿಸಿದರೋ, ರೋಗಿ ತೀರಿಕೊಂಡರೋ. ಇದನ್ನು ಮೆಲ್ಲಗೆ, ತಪ್ಪು ಹಿಡಿಯುವ ದನಿಯಿಲ್ಲದೆ ಕೇಳಿ ಬರೆದುಕೊಳ್ಳಬೇಕು. ವರ್ಷದ ಕೊನೆಗೆ ಆ ಕಾಲಂ ಅನ್ನು ಕೂಡಿಸಿ ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದೆ, ಔಷಧ ವ್ಯಾಪಾರಿಗಳ ಸಂಘದ ಮುಂದೆ, ಔಷಧ ನಿಯಂತ್ರಣ ಇಲಾಖೆಯ ಮುಂದೆ ಇಡಿ. ಮೊದಲ ರಿಜಿಸ್ಟರ್ ಇಡಲು ಮುಂದೆ ಬರುವ ಅಂಗಡಿಯವರು ಈ ಸಭೆಯಲ್ಲೇ ಇದ್ದರೆ, ಕಾರ್ಯಕ್ರಮ ಮುಗಿದ ಮೇಲೆ ದಯವಿಟ್ಟು ವಿಭಾಗದ ಅಧ್ಯಾಪಕರಿಗೆ ಹೆಸರು ಕೊಡಿ. ನಮೂನೆಯನ್ನು ನಾನು ಬರೆದುಕೊಂಡು ಬಂದಿದ್ದೇನೆ.